ಹೃದಯಾಘಾತದ ಅಪಾಯ ನಿಮಗೆಷ್ಟು? ಒಂದೇ ಹಾಳೆಯಲ್ಲಿ ಲೆಕ್ಕ ಹಾಕುವ ಕ್ರಮ

‘ಇಸಿಜಿ ನಾರ್ಮಲ್ ಬಂದಿದೆ, ಕೊಲೆಸ್ಟರಾಲ್ ಮಾತ್ರ 220. ಮದ್ದು ಬೇಕಾ?’ ‘ಪ್ರೆಶರ್ 138 ಇದೆ, ತೊಂದರೆ ಇಲ್ಲ ಅಲ್ವಾ?’ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಓದುಗರು ಮತ್ತೆ ಮತ್ತೆ ಕೇಳುವುದು ಇದೇ ಧಾಟಿಯಲ್ಲಿ. ಒಂದು ಸಂಖ್ಯೆ ಹೇಳಿ ಅದರ ಮೇಲೆ ತೀರ್ಪು ಕೊಡಿ ಎನ್ನುತ್ತಾರೆ. ಒಂದೇ ಸಂಖ್ಯೆ ಹಿಡಿದು ತೀರ್ಪು ಹೇಳಲು ಬರುವುದಿಲ್ಲ. ಕೊಲೆಸ್ಟರಾಲ್ 220 ಇದ್ದು ಶುಗರ್, ಪ್ರೆಶರ್ ಯಾವುದೂ ಇಲ್ಲದ 35ರ ಹೆಂಗಸಿಗೂ, ಅಷ್ಟೇ ಕೊಲೆಸ್ಟರಾಲ್ ಇದ್ದು ಶುಗರಿನ ಜೊತೆ ದಿನಕ್ಕೊಂದು ಕಟ್ಟು ಬೀಡಿ ಸೇದುವ 58ರ ಗಂಡಸಿಗೂ ಇರುವ ಅಪಾಯ ಅಜಗಜಾಂತರ. ಅಪಾಯದ ಅಂಶಗಳು ಜೊತೆ ಸೇರಿದಾಗ ಒಂದರ ಬಲವನ್ನು ಇನ್ನೊಂದು ಹೆಚ್ಚಿಸುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಒಟ್ಟಿಗೆ ನೋಡಬೇಕು.

ಇಸಿಜಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ತೋರಿಸುವುದು ಆ ಗಳಿಗೆಯಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಹೇಗಿದೆ ಎಂಬುದನ್ನು. ಮುಂದಿನ 10 ವರ್ಷದಲ್ಲಿ ಏನಾದೀತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ರಕ್ತನಾಳದೊಳಗೆ ಕೊಬ್ಬು ಕಟ್ಟುತ್ತಾ ಇದ್ದರೂ ಇಸಿಜಿ ನಾರ್ಮಲ್ ಆಗಿಯೇ ಬರಬಹುದು. ಗಲ್ಫಿಗೆ ಹೋಗುವಾಗ ಮಾಡಿಸಿದ ‘ಮೆಡಿಕಲ್ ಫಿಟ್’ ಕೂಡ ಲೆಕ್ಕಕ್ಕಿಲ್ಲ. ಆ ತಪಾಸಣೆ ಮುಖ್ಯವಾಗಿ ಕ್ಷಯ, ಎಚ್‌ಐವಿ, ಕಾಮಾಲೆಯಂಥ ಸೋಂಕುಗಳನ್ನು ಹುಡುಕುವುದಕ್ಕೆ ಇರುವುದು.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟು ಒಂಬತ್ತೇ ಅಂಶಗಳಿಂದ ಬರುತ್ತದೆ: ತಂಬಾಕು, ರಕ್ತದ ಕೊಬ್ಬು, ಪ್ರೆಶರ್, ಶುಗರ್, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ಮದ್ಯದ ಅಭ್ಯಾಸ, ಮೈಬಗ್ಗಿಸದ ಬದುಕು. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತವಾದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ನಮ್ಮವರಿಗೆ ಐದಾರು ವರ್ಷ ಮೊದಲೇ ಬರುತ್ತದೆ ಎಂದಾಯಿತು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಹಾಳೆ, ದರ್ಜಿಯ ಟೇಪು, ತೋಳಿಗೆ ಕಟ್ಟುವ ಪ್ರೆಶರ್ ಯಂತ್ರ (ಮಣಿಕಟ್ಟಿನದ್ದು ಬೇಡ, ಕೈಯ ಭಂಗಿ ಸ್ವಲ್ಪ ತಪ್ಪಿದರೂ ಅಂಕ ತಪ್ಪುತ್ತದೆ), ವರ್ಷದೊಳಗಿನ ರಕ್ತಪರೀಕ್ಷೆಯ ರಿಪೋರ್ಟು. ಯಂತ್ರ ಇಲ್ಲದಿದ್ದರೆ ಕುಟುಂಬ ಆರೋಗ್ಯ ಕೇಂದ್ರದ ಜೀವನಶೈಲಿ ರೋಗಗಳ ಕ್ಲಿನಿಕ್‌ನಲ್ಲಿ ಪ್ರೆಶರ್, ಶುಗರ್ ನೋಡುತ್ತಾರೆ. 30 ದಾಟಿದವರ ಮಾಹಿತಿಯನ್ನು ಆಶಾ ಕಾರ್ಯಕರ್ತೆಯರು ಕೇರಳ ಆರೋಗ್ಯ ಇಲಾಖೆಯ ‘ಶೈಲಿ’ ಆ್ಯಪ್‌ಗೆ ತುಂಬಿಸಲು ಮನೆಗೆ ಬಂದಾಗ ‘ಎಲ್ಲಾ ಸರಿ ಇದೆ’ ಎಂದು ಸಾಗಹಾಕಬೇಡಿ. ಪ್ರಶ್ನೆ ಮಲಯಾಳದಲ್ಲಿದ್ದು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ತಿಳಿದುಕೊಂಡೇ ಉತ್ತರಿಸಿ.

1. ಬದಲಾಯಿಸಲಾಗದ್ದನ್ನು ಮೊದಲು ಬರೆಯಿರಿ

ವಯಸ್ಸು, ಗಂಡಸೋ ಹೆಂಗಸೋ, ಮತ್ತು ಕುಟುಂಬದ ಚರಿತ್ರೆ. ಗಂಡಸರಿಗೆ 45, ಹೆಂಗಸರಿಗೆ 55 ದಾಟಿದ ಮೇಲೆ ವಯಸ್ಸೇ ಒಂದು ಅಪಾಯದ ಅಂಶ.

ಕುಟುಂಬದ ಚರಿತ್ರೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಅಜ್ಜ 82ರಲ್ಲಿ ‘ಹಾರ್ಟ್ ಅಟ್ಯಾಕ್’ ಆಗಿ ತೀರಿಕೊಂಡದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಅಪ್ಪ ಅಥವಾ ಒಡಹುಟ್ಟಿದ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಆದದ್ದು. ‘ತೋಟಕ್ಕೆ ಹೋದವರು ಅಲ್ಲೇ ಕುಸಿದು ಬಿದ್ದರು’, ‘ಗ್ಯಾಸ್ ಆಗಿ ಹೋದರು’ ಎಂದು ಮನೆಯಲ್ಲಿ ಹೇಳುವ ಮರಣಗಳ ಬಗ್ಗೆ ಹಿರಿಯರನ್ನು ಕೂರಿಸಿ ಕೇಳಿ. 50ರ ಆಸುಪಾಸಿನಲ್ಲಿ ಹಾಗೆ ದಿಢೀರೆಂದು ತೀರಿಕೊಂಡವರಿದ್ದರೆ ಹಾಳೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಯಾದರೂ ಬರೆಯಿರಿ.

ಹೆಂಗಸರು ಇನ್ನು ಮೂರು ಸಂಗತಿ ಸೇರಿಸಬೇಕು: ಬಸುರಿಯಾಗಿದ್ದಾಗ ಪ್ರೆಶರ್ ಏರಿತ್ತೇ, ಆಗ ಶುಗರ್ ಬಂದಿತ್ತೇ, ಮುಟ್ಟು 40ರೊಳಗೆ ನಿಂತಿತೇ. ಹೆರಿಗೆಯಾದ ಮೇಲೆ ಎಲ್ಲ ಸರಿಹೋಯಿತೆಂದು ಇವನ್ನು ಮರೆತುಬಿಡುತ್ತಾರೆ. 20 ವರ್ಷದ ನಂತರವೂ ಹೃದಯದ ಲೆಕ್ಕದಲ್ಲಿ ಅವಕ್ಕೆ ಬೆಲೆ ಇದೆ. ಸಂಧಿವಾತ (ರುಮಟಾಯ್ಡ್), ಸೋರಿಯಾಸಿಸ್, ಮೂತ್ರಪಿಂಡದ ಕಾಯಿಲೆ ಇರುವವರು, ಗಂಡಸೇ ಆಗಲಿ ಹೆಂಗಸೇ ಆಗಲಿ, ಅದನ್ನೂ ಬರೆಯಿರಿ.

2. ಪ್ರೆಶರನ್ನು ಏಳು ದಿನ ಅಳೆಯಿರಿ

ಬಸ್ಸಿಳಿದು, ಚೀಟಿಗಾಗಿ ನಿಂತು, ಮೆಟ್ಟಿಲು ಹತ್ತಿ ಕೂತ ಕೂಡಲೇ ನೋಡಿಸಿದ ಒಂದು ಅಂಕದಿಂದ ನಿಮಗೆ ಪ್ರೆಶರ್ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಬಿಳಿ ಕೋಟು ಕಂಡಾಗ ಏರುವವರಿದ್ದಾರೆ. ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ಇವರೇ ಹೆಚ್ಚು ಅಪಾಯದವರು, ಯಾಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕ್ರಮ ಹೀಗೆ. ಚಾ, ಕಾಫಿ, ಬೀಡಿ, ಎಲೆಅಡಿಕೆ ಬಿಟ್ಟು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಆನಿಸುವ ಕುರ್ಚಿಯಲ್ಲಿ, ಪಾದ ಎರಡೂ ನೆಲಕ್ಕೆ ತಾಗಿಸಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಕಟ್ಟಬೇಡಿ, ಬರಿಮೈಗೆ ಕಟ್ಟಿ. ತೋಳು ಮೇಜಿನ ಮೇಲೆ ಹೃದಯದ ಮಟ್ಟಕ್ಕಿರಲಿ. ಕೈ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಅಂಕ ಏಳೆಂಟು ಹೆಚ್ಚು ತೋರಿಸುತ್ತದೆ. ಅಳೆಯುವಾಗ ಮಾತು ಬೇಡ, ಟಿವಿಯೂ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಹೀಗೆ ಬೆಳಿಗ್ಗೆ ಮದ್ದು ತಿನ್ನುವ ಮೊದಲು ಎರಡು, ರಾತ್ರಿ ಎರಡು, ಏಳು ದಿನ. ಮೊದಲ ದಿನದ ನಾಲ್ಕು ಅಂಕ ಬಿಟ್ಟು, ಉಳಿದ 24ರ ಸರಾಸರಿ ತೆಗೆಯಿರಿ.

ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಆಸ್ಪತ್ರೆಯಲ್ಲಿ ನೋಡುವ ಅಂಕಕ್ಕೆ ಗಡಿ 140/90. ಎರಡನ್ನೂ ಬೆರೆಸಬೇಡಿ.

ಎಲ್ಲಿ ತಪ್ಪುತ್ತದೆ? ಪಟ್ಟಿಯ ಅಳತೆಯಲ್ಲಿ. ಯಂತ್ರದ ಜೊತೆ ಬರುವ ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಪ್ರೆಶರ್ ಕಾಣುತ್ತದೆ. ಮತ್ತೊಂದು, ಮಂಡಿನೋವು ಬೆನ್ನುನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು. ಇವು ಪ್ರೆಶರ್ ಏರಿಸುತ್ತವೆ, ಪ್ರೆಶರಿನ ಮದ್ದಿನ ಕೆಲಸವನ್ನೂ ಕೆಡಿಸುತ್ತವೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮೈಕೈನೋವಿಗೆಂದು ದಿನಾ ನುಂಗುವವರು ಆ ಮಾತ್ರೆಯ ಹೆಸರನ್ನೂ ಹಾಳೆಯಲ್ಲಿ ಬರೆಯಿರಿ.

ಯಾವ ದಿನವಾದರೂ 180/120 ದಾಟಿ, ಜೊತೆಗೆ ಎದೆನೋವು, ಏದುಸಿರು, ದೃಷ್ಟಿ ಮಂಜು, ಕೈಕಾಲು ಸೋಲು ಕಂಡರೆ ಸರಾಸರಿಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

3. ಸೊಂಟದ ಸುತ್ತಳತೆ

ಪ್ಯಾಂಟಿನ ಸೈಜು ಸೊಂಟದ ಅಳತೆ ಆಗುವುದಿಲ್ಲ. ಹೊಟ್ಟೆ ಮುಂದೆ ಬಂದವರು ಪ್ಯಾಂಟು, ಮುಂಡು ಎರಡನ್ನೂ ಹೊಟ್ಟೆಯ ಕೆಳಗೇ ಕಟ್ಟುತ್ತಾರೆ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟಾಗ, ಟೇಪನ್ನು ಬಿಗಿಯದೆ ಹಿಡಿಯಿರಿ. ನಮ್ಮ ದೇಶದವರಿಗೆ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. 68 ಕಿಲೋ, 1.65 ಮೀಟರ್ ಇದ್ದರೆ 25. ನಮ್ಮಲ್ಲಿ 23 ದಾಟಿದರೆ ಅಧಿಕ ತೂಕ, 25ರಿಂದ ಬೊಜ್ಜು. ಕೈಕಾಲು ಕಡ್ಡಿಯಾಗಿದ್ದು ಹೊಟ್ಟೆ ಮಾತ್ರ ಬಂದವರಿಗೆ ಬಿಎಂಐ ಸುಳ್ಳು ಸಮಾಧಾನ ಕೊಡುತ್ತದೆ. ಅಂಥವರು ಟೇಪನ್ನೇ ನಂಬಲಿ.

4. ರಕ್ತದ ರಿಪೋರ್ಟನ್ನು ಓದುವುದು

ಬೇಕಾದ್ದು ಮೂರು: ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ವಿವರ), ಖಾಲಿಹೊಟ್ಟೆಯ ಶುಗರ್ ಅಥವಾ ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ). ಜ್ವರ ಬಂದು ಮಲಗಿದ್ದ ವಾರದಲ್ಲಿ ಕೊಲೆಸ್ಟರಾಲ್ ನೋಡಿಸಬೇಡಿ, ಅಂಕ ಸರಿ ಬರುವುದಿಲ್ಲ.

ಲಿಪಿಡ್ ಪ್ರೊಫೈಲ್‌ನಲ್ಲಿ ಎಲ್ಲರ ಕಣ್ಣು ಹೋಗುವುದು ‘ಟೋಟಲ್’ ಎಂಬ ಸಾಲಿಗೆ. ನೀವು ನೋಡಬೇಕಾದ್ದು ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲ್. ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುವುದು ಇದೇ. ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟರಾಲ್) ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಅದೂ ಅಪಾಯದ ಗುರುತು. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 150ರ ಒಳಗಿರಬೇಕು.

ಹಲವು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರ ಅಳೆಯದೆ ಲೆಕ್ಕ ಹಾಕಿ ಬರೆಯುತ್ತವೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆದು, ಮತ್ತೆ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುವುದು ಆ ಲೆಕ್ಕ. ಟೋಟಲ್ 220, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210 ಇದ್ದರೆ: 220 − 38 − 42 = 140. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ, ಖಾಲಿಹೊಟ್ಟೆಯಲ್ಲಿ ಮತ್ತೆ ನೋಡಿಸಬೇಕು. ಟೋಟಲ್‌ನಿಂದ ಎಚ್‌ಡಿಎಲ್ ಕಳೆದದ್ದನ್ನೂ (ಇಲ್ಲಿ 182) ಪಕ್ಕದಲ್ಲಿ ಬರೆದಿಡಿ. ಇದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ಶುಗರ್ ಇರುವವರಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಎಲ್‌ಡಿಎಲ್‌ಗಿಂತ ಇದೇ ನಂಬಿಕೆಗೆ ಅರ್ಹ.

ಗಲ್ಫಿನಿಂದ ರಿಪೋರ್ಟು ಕಳಿಸಿ ‘ಕೊಲೆಸ್ಟರಾಲ್ ಬರೀ 5.7, ಅಷ್ಟು ಕಡಿಮೆಯಾದರೆ ತೊಂದರೆಯೇ?’ ಎಂದು ಕೇಳುವವರಿದ್ದಾರೆ. ಅಲ್ಲಿನ ಎಷ್ಟೋ ಲ್ಯಾಬ್‌ಗಳು ಎಂಎಂಒಎಲ್/ಎಲ್ ಎಂಬ ಮಾನದಲ್ಲಿ ಬರೆಯುತ್ತವೆ, ಊರಿನವು ಎಂಜಿ/ಡಿಎಲ್‌ನಲ್ಲಿ. ಕೊಲೆಸ್ಟರಾಲ್ (ಟೋಟಲ್, ಎಲ್‌ಡಿಎಲ್, ಎಚ್‌ಡಿಎಲ್) ಅಂಕವನ್ನು 38.7ರಿಂದ, ಟ್ರೈಗ್ಲಿಸರೈಡನ್ನು 88.6ರಿಂದ, ಶುಗರನ್ನು 18ರಿಂದ ಗುಣಿಸಿ. 5.7 ಅಂದರೆ ನಮ್ಮ 220.

ಶುಗರ್: ಖಾಲಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹ. ಲಕ್ಷಣಗಳಿಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. 100ರಿಂದ 125, ಅಥವಾ 5.7ರಿಂದ 6.4 ಅಂಚಿನ ಸ್ಥಿತಿ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ಕಬ್ಬಿಣದ ಕೊರತೆಯಲ್ಲಿ ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ.

ಅಪ್ಪನಿಗೋ ಅಣ್ಣನಿಗೋ ಸಣ್ಣ ಪ್ರಾಯದಲ್ಲಿ ಆಘಾತವಾಗಿದ್ದರೆ ಲೈಪೋಪ್ರೋಟೀನ್-ಎ ಎಂಬ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಇದು ಹುಟ್ಟಿನಿಂದಲೇ ಬರುವ ಒಂದು ಬಗೆಯ ಕೊಬ್ಬಿನ ಕಣ. ಊಟ, ವ್ಯಾಯಾಮದಿಂದ ಹೆಚ್ಚು ಬದಲಾಗದ ಕಾರಣ ಜೀವನದಲ್ಲಿ ಒಮ್ಮೆ ಅಳೆದರೆ ಸಾಮಾನ್ಯವಾಗಿ ಸಾಕು. 50 ಎಂಜಿ ದಾಟಿದರೆ ಅಪಾಯ ಹೆಚ್ಚು.

5. ಬೀಡಿ, ಸಿಗರೇಟು, ಎಲೆಅಡಿಕೆ

‘ದಿನಕ್ಕೆ ಎರಡೇ’ ಎನ್ನುವವರೂ ‘ಹೌದು’ ಎಂದೇ ಬರೆಯಿರಿ. ಎರಡು ಸಿಗರೇಟಿನ ಅಪಾಯ ಇಪ್ಪತ್ತರ ಹತ್ತನೇ ಒಂದು ಭಾಗಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಬೀಡಿ ಎಲೆಯಿಂದ ಮಾಡಿದ್ದು, ಹಗುರ ಎಂಬುದು ಬರಿಯ ಭ್ರಮೆ. ಬಿಟ್ಟರೆ ಲಾಭ ಬೇಗ ಸಿಗುವುದೂ ಇಲ್ಲಿಯೇ: ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಹಾಳೆಯಲ್ಲಿ ಒಂದೇ ಸಾಲು ಬದಲಿಸುವ ಅವಕಾಶ ನಿಮಗಿದ್ದರೆ ಇದನ್ನೇ ಬದಲಿಸಿ.

ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವವರು ತಮ್ಮನ್ನು ತಂಬಾಕಿನ ಸಾಲಿಗೆ ಸೇರಿಸಿಕೊಳ್ಳುವುದೇ ಇಲ್ಲ. ಅದರ ನಿಕೋಟಿನ್ ನಾಡಿಬಡಿತವನ್ನೂ ಪ್ರೆಶರನ್ನೂ ಏರಿಸುತ್ತದೆ. ಮುಂದೆ ಹೇಳುವ ಚಾರ್ಟಿನಲ್ಲಿ ‘ಧೂಮಪಾನ’ ಎಂಬ ಮನೆ ಮಾತ್ರ ಇದೆ, ಜಗಿಯುವುದಕ್ಕೆ ಜಾಗವಿಲ್ಲ. ಆದ್ದರಿಂದ ಹಾಳೆಯ ಕೆಳಗೆ ಬೇರೆಯಾಗಿ ಬರೆದು ವೈದ್ಯರಿಗೆ ತೋರಿಸಿ.

6. ಅಡುಗೆಮನೆಯ ಲೆಕ್ಕ

‘ನಾವು ಎಣ್ಣೆ, ಉಪ್ಪು ಕಡಿಮೆಯೇ ಬಳಸುವುದು’ ಎನ್ನದ ಮನೆ ಇಲ್ಲ. ಬಾಯಿಮಾತು ಬೇಡ, ಅಂಗಡಿಯ ಚೀಟಿ ತೆಗೆಯಿರಿ.

ತಿಂಗಳ ಎಣ್ಣೆಯನ್ನು ಮಂದಿಯ ಸಂಖ್ಯೆಯಿಂದಲೂ 30ರಿಂದಲೂ ಭಾಗಿಸಿ. ನಾಲ್ಕು ಮಂದಿಗೆ ಮೂರು ಲೀಟರ್ ತೆಂಗಿನೆಣ್ಣೆ ಅಂದರೆ ತಲೆಗೆ ದಿನಕ್ಕೆ 25 ಮಿಲಿಲೀಟರ್, ತೂಕದಲ್ಲಿ ಸುಮಾರು 23 ಗ್ರಾಂ. ತೆಂಗಿನೆಣ್ಣೆಯಲ್ಲಿ ಶೇ. 80ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಎಲ್‌ಡಿಎಲ್ ಏರಿಸುವ ಗಟ್ಟಿಗಟ್ಟುವ ಜಾತಿಯ ಕೊಬ್ಬು. 23 ಗ್ರಾಮಿನಲ್ಲಿ ಅದೇ 19–20 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಈ ಕೊಬ್ಬಿನ ಮಿತಿ ಸುಮಾರು 22 ಗ್ರಾಂ. ಸಾಂಬಾರು, ಚಟ್ನಿ, ಪಲ್ಯಕ್ಕೆ ಬಿದ್ದ ಕಾಯಿತುರಿ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. 100 ಗ್ರಾಂ ತುರಿಯಲ್ಲಿ ಸುಮಾರು 30 ಗ್ರಾಂ ಇಂಥ ಕೊಬ್ಬಿದೆ. ‘ಕೊಲೆಸ್ಟರಾಲ್ ರಹಿತ’ ಎಂದು ಬಾಟಲಿಯ ಮೇಲೆ ಬರೆದದ್ದು ಸುಳ್ಳಲ್ಲ, ಯಾವ ಸಸ್ಯದ ಎಣ್ಣೆಯಲ್ಲೂ ಕೊಲೆಸ್ಟರಾಲ್ ಇರುವುದಿಲ್ಲ. ಅದನ್ನು ಓದಿ ನೆಮ್ಮದಿ ಪಡಲು ಕಾರಣವಿಲ್ಲ ಅಷ್ಟೆ.

ತೆಂಗು ಬೆಳೆಯುವ ಊರಿನಲ್ಲಿ ಕುಳಿತು ತೆಂಗು ಬಿಡಿ ಎನ್ನುವುದು ನಡೆಯದ ಮಾತು, ಬಿಡಬೇಕಾಗಿಯೂ ಇಲ್ಲ. ಎಲ್‌ಡಿಎಲ್ ಹೆಚ್ಚಿರುವವರು ತೆಂಗಿನೆಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಂಡು ಉಳಿದದ್ದಕ್ಕೆ ಎಳ್ಳೆಣ್ಣೆ, ಕಡಲೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬಳಸಿ, ಒಟ್ಟು ಎಣ್ಣೆಯನ್ನು ತಲೆಗೆ ತಿಂಗಳಿಗೆ ಅರ್ಧ ಲೀಟರಿಗೆ ಇಳಿಸಬಹುದು. ಬೂತಾಯಿ, ಬಂಗುಡೆ ಹೃದಯಕ್ಕೆ ಒಳ್ಳೆಯವು. ಮೀನನ್ನು ದಿನಾ ಕಾಯಿಸಿ ತಿಂದರೆ ಆ ಒಳ್ಳೆಯದು ಬಾಣಲೆಯಲ್ಲೇ ಉಳಿಯುತ್ತದೆ, ಗಸಿ ಮಾಡಿ ತಿನ್ನಿ.

ಉಪ್ಪಿಗೂ ಇದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ತಲೆಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಾಲ್ಕು ಮಂದಿಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋದ ಪ್ಯಾಕೆಟ್ ಪೂರ್ತಿ ಮುಗಿಯುತ್ತಿದ್ದರೆ ತಲೆಗೆ 8 ಗ್ರಾಂ ದಾಟಿತು. ಅದರ ಮೇಲೆ ಗಂಜಿಯ ಜೊತೆಗಿನ ಮಿಡಿ ಉಪ್ಪಿನಕಾಯಿ, ಮಳೆಗಾಲದ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಹಪ್ಪಳ, ಒಣಮೀನು. ಸೊಳೆಯನ್ನು ನೀರಿನಲ್ಲಿ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ ಹಿಂಡಿದರೆ ಉಪ್ಪು ಬಹಳಷ್ಟು ಬಿಡುತ್ತದೆ. ಆ ಪಲ್ಯಕ್ಕೆ ಮತ್ತೆ ಉಪ್ಪು ಹಾಕದಿರುವುದು ಮುಖ್ಯ. ಕಲ್ಲುಪ್ಪು, ಇಂದುಪ್ಪು ಯಾವುದಾದರೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ಪೊಟ್ಯಾಸಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪನ್ನು ಮೂತ್ರಪಿಂಡದ ಕಾಯಿಲೆಯವರು, ಕೆಲವು ಬಗೆಯ ಪ್ರೆಶರ್ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನಡಿಗೆಯ ಬಗ್ಗೆ ಎಲ್ಲರಿಗೂ ಗೊತ್ತು: ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂಬಷ್ಟು ವೇಗ. ತೋಟದಲ್ಲಿ ನಿಂತು ಆಳುಗಳಿಗೆ ಕೆಲಸ ಹೇಳಿದ್ದು ಇದಕ್ಕೆ ಸೇರುವುದಿಲ್ಲ.

7. ಚಾರ್ಟಿನಲ್ಲಿ ನಿಮ್ಮ ಮನೆ ಹುಡುಕಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಹೃದ್ರೋಗ ಅಪಾಯದ ಚಾರ್ಟುಗಳು ಅಂತರ್ಜಾಲದಲ್ಲಿ ಉಚಿತ. ಪ್ರದೇಶವಾರು ಇರುವುದರಿಂದ ‘ದಕ್ಷಿಣ ಏಷ್ಯಾ’ ಎಂಬುದನ್ನೇ ತೆಗೆಯಿರಿ. ಯುರೋಪಿನದ್ದು ತೆಗೆದರೆ ಲೆಕ್ಕ ತಪ್ಪುತ್ತದೆ. ಎರಡು ಬಗೆ ಇವೆ. ಲ್ಯಾಬ್ ರಿಪೋರ್ಟ್ ಇರುವವರ ಚಾರ್ಟಿಗೆ ವಯಸ್ಸು, ಲಿಂಗ, ಧೂಮಪಾನ, ಮೇಲಿನ ಪ್ರೆಶರ್, ಟೋಟಲ್ ಕೊಲೆಸ್ಟರಾಲ್, ಮಧುಮೇಹ ಬೇಕು. ಇಲ್ಲದವರದ್ದಕ್ಕೆ ಕೊಲೆಸ್ಟರಾಲ್, ಮಧುಮೇಹದ ಬದಲು ಬಿಎಂಐ. ಚಾರ್ಟಿನಲ್ಲಿ ಕೊಲೆಸ್ಟರಾಲ್ ಎಂಎಂಒಎಲ್‌ನಲ್ಲಿದೆ, ಆದ್ದರಿಂದ ನಮ್ಮ ಅಂಕವನ್ನು 38.7ರಿಂದ ಭಾಗಿಸಿ.

ಸಿಗುವ ಅಂಕ ಮುಂದಿನ 10 ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಾಧ್ಯತೆ. 12 ಎಂದು ಬಂದರೆ, ನಿಮ್ಮಂಥದೇ ಹಾಳೆ ಇರುವ ನೂರು ಮಂದಿಯಲ್ಲಿ ಸುಮಾರು ಹನ್ನೆರಡು ಮಂದಿಗೆ ಆಗಬಹುದು ಎಂದರ್ಥ. ಶೇ. 5ರ ಕೆಳಗೆ ಕಡಿಮೆ, 5ರಿಂದ 10ರವರೆಗೆ ಮಧ್ಯಮ, 10ರಿಂದ ಎಚ್ಚರ, 20 ದಾಟಿದರೆ ಅಧಿಕ. ಈಗ ಧೂಮಪಾನದ ಕಡೆಯಿಂದ ಧೂಮಪಾನವಿಲ್ಲದ ಕಡೆಗೆ, ಪ್ರೆಶರ್ 160ರ ಸಾಲಿನಿಂದ 130ರ ಸಾಲಿಗೆ ಬೆರಳು ಸರಿಸಿ ನೋಡಿ. ಯಾವುದನ್ನು ಸರಿಪಡಿಸಿದರೆ ಅಂಕ ಹೆಚ್ಚು ಇಳಿಯುತ್ತದೋ ಕೆಲಸ ಅಲ್ಲಿಂದ ಶುರುವಾಗಲಿ.

ಎಲ್ಲರೂ ಈ ಚಾರ್ಟ್ ಬಳಸುವಂತಿಲ್ಲ. ಇದು 40ರಿಂದ 74ರವರಿಗೆ. ಈಗಾಗಲೇ ಹೃದಯಾಘಾತ, ಸ್ಟೆಂಟ್, ಬೈಪಾಸ್, ಪಾರ್ಶ್ವವಾಯು ಆದವರು ಚಾರ್ಟ್ ನೋಡಬೇಕಾಗಿಲ್ಲ, ಅವರು ಅತಿ ಹೆಚ್ಚಿನ ಅಪಾಯದವರೇ. ಎಲ್‌ಡಿಎಲ್ 190 ದಾಟಿದವರಿಗೆ, ಮೂತ್ರಪಿಂಡ ಸೋತವರಿಗೆ ಚಾರ್ಟ್ ಏನೇ ಹೇಳಲಿ ಚಿಕಿತ್ಸೆ ಬೇಕು. ಕುಟುಂಬದ ಚರಿತ್ರೆ, ಬಸುರಿನ ಪ್ರೆಶರ್, ಎಲೆಅಡಿಕೆ, ಲೈಪೋಪ್ರೋಟೀನ್-ಎ ಚಾರ್ಟಿನಲ್ಲಿ ಇಲ್ಲ. ಇವುಗಳಲ್ಲಿ ಒಂದಿದ್ದರೂ ನಿಜವಾದ ಅಪಾಯ ಚಾರ್ಟಿನ ಅಂಕಕ್ಕಿಂತ ಹೆಚ್ಚು ಎಂದೇ ತಿಳಿಯಿರಿ.

8. ಹಾಳೆ ಹಿಡಿದು ವೈದ್ಯರ ಬಳಿ

ಮಂಗಳೂರಿಗೆ ಹೋಗಿ ‘ಫುಲ್ ಬಾಡಿ ಚೆಕಪ್’, ಆಂಜಿಯೋಗ್ರಾಂ ಮಾಡಿಸುವ ಮೊದಲು ಈ ಹಾಳೆಯನ್ನು ಹತ್ತಿರದ ವೈದ್ಯರಿಗೆ ತೋರಿಸಿ. ಕೇಳಬೇಕಾದ್ದು ಮೂರು ಪ್ರಶ್ನೆ: ನನ್ನ ಒಟ್ಟು ಅಪಾಯ ಎಷ್ಟು, ನನ್ನ ಎಲ್‌ಡಿಎಲ್ ಎಷ್ಟಕ್ಕೆ ಇಳಿಯಬೇಕು, ಪ್ರೆಶರ್ ಎಷ್ಟಿರಬೇಕು. ಎಲ್‌ಡಿಎಲ್ ಗುರಿ ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಂತರಿಗೆ 100ರ ಒಳಗೆ ಸಾಕು, ಹೃದಯಾಘಾತ ಆದವರಿಗೆ 70ರ, ಹಲವರಿಗೆ 55ರ ಕೆಳಗೆ ಬೇಕಾಗುತ್ತದೆ. ಲ್ಯಾಬ್‌ನವರು ಪಕ್ಕದಲ್ಲಿ ‘ನಾರ್ಮಲ್’ ಎಂದು ಮುದ್ರಿಸಿದ್ದನ್ನು ನೋಡಿ ಇವರು ಮದ್ದು ಬಿಡುತ್ತಾರೆ. 40 ದಾಟಿದ ಮಧುಮೇಹಿಗಳಿಗೆ ಕೊಲೆಸ್ಟರಾಲ್ ಮಿತಿಯಲ್ಲಿದ್ದರೂ ಸ್ಟ್ಯಾಟಿನ್ (ಎಲ್‌ಡಿಎಲ್ ಇಳಿಸುವ ಮಾತ್ರೆ) ಬರೆಯುವುದುಂಟು. ವೈದ್ಯರು ರಿಪೋರ್ಟ್ ನೋಡಲಿಲ್ಲವೇನೋ ಎಂದು ಅನುಮಾನಪಡಬೇಡಿ. ಮದ್ದು ತಿಂದು ಪ್ರೆಶರ್ 124 ಆದದ್ದು ಮದ್ದಿನಿಂದಲೇ, ಹಾಗಾಗಿ ಕೇಳದೆ ನಿಲ್ಲಿಸಬೇಡಿ. ಆಸ್ಪಿರಿನ್ ‘ಮುಂಜಾಗ್ರತೆಗೆ’ ಎಂದು ನೀವೇ ಶುರುಮಾಡುವುದೂ ಬೇಡ, ಹೊಟ್ಟೆಯಲ್ಲಿ ರಕ್ತಸ್ರಾವವಾದೀತು.

ಹಾಳೆಯ ಹಿಂಬದಿಯಲ್ಲಿ ತುರ್ತಿನ ವ್ಯವಸ್ಥೆ ಬರೆದಿಡಿ. ಎದೆ ಹಿಂಡಿದಂತೆ ಆಗಿ ದವಡೆ, ತೋಳು, ಬೆನ್ನಿಗೆ ಹಬ್ಬುವ ನೋವು, ತಣ್ಣಗಿನ ಬೆವರು, ಉಸಿರು ಕಟ್ಟುವುದು, ವಾಂತಿ. ಹೆಂಗಸರಲ್ಲಿ, ಶುಗರಿನವರಲ್ಲಿ ಎದೆನೋವಿಲ್ಲದೆ ಬರಿಯ ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿ ಇರಬಹುದು. ಇದಕ್ಕೆ ಜೀರಿಗೆ ಕಷಾಯ, ಸೋಡಾ ಕುಡಿಸುತ್ತಾ ಕೂರುವ ಒಂದು ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಸಹಾಯಕ್ಕೆ 108. ಸ್ವತಃ ಬೈಕ್ ಓಡಿಸಿಕೊಂಡು ಹೋಗಬಾರದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರು ರಾತ್ರಿ ಎರಡು ಗಂಟೆಗೂ ಇಸಿಜಿ ಮಾಡುವ ಆಸ್ಪತ್ರೆ ಹತ್ತಿರ ಯಾವುದು, ಆಂಜಿಯೋಪ್ಲಾಸ್ಟಿ ಆಗುವುದು ಎಲ್ಲಿ, ವಾಹನ ಯಾರದ್ದು ಎಂದು ಈಗಲೇ ವಿಚಾರಿಸಿ ಫೋನ್ ನಂಬರ್ ಸಮೇತ ಬರೆಯಿರಿ. 2020ರಲ್ಲಿ ಕೋವಿಡ್‌ನಿಂದಾಗಿ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರು ಒಂದನ್ನೇ ನೆಚ್ಚಿದ್ದವರ ಪಾಡೇನಾಯಿತೆಂದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕಾಸರಗೋಡು, ಕಾಞಂಗಾಡ್, ಪರಿಯಾರಂ ಕಡೆಯ ಒಂದು ಹೆಸರೂ ಪಟ್ಟಿಯಲ್ಲಿರಲಿ.

ಅಪಾಯ ಕಡಿಮೆ ಬಂದವರು ಎರಡು ಮೂರು ವರ್ಷಕ್ಕೊಮ್ಮೆ, ಮಧ್ಯಮದವರು ವರ್ಷಕ್ಕೊಮ್ಮೆ ಹಾಳೆಯನ್ನು ಹೊಸದಾಗಿ ತುಂಬಿಸಿ. ಸ್ಟ್ಯಾಟಿನ್ ಶುರುಮಾಡಿದವರು ಒಂದರಿಂದ ಮೂರು ತಿಂಗಳೊಳಗೆ ಎಲ್‌ಡಿಎಲ್ ಮತ್ತೆ ನೋಡಿಸಬೇಕು. ನಿಮ್ಮ ಎಲ್‌ಡಿಎಲ್ 190ಕ್ಕಿಂತ ಹೆಚ್ಚಿದ್ದರೆ ಅದು ವಂಶದಲ್ಲೇ ಹರಿದುಬಂದದ್ದು ಇರಬಹುದು. ಆಗ ಅಣ್ಣತಮ್ಮ, ಅಕ್ಕತಂಗಿಯರಿಗೂ ನಿಮ್ಮ ಮಕ್ಕಳಿಗೂ, ಅವರು ಶಾಲೆಗೆ ಹೋಗುವ ವಯಸ್ಸಿನವರೇ ಆಗಿದ್ದರೂ, ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ.